ಪಾದ ಉಳಿಯಿತು, ಮೊಣಕಾಲು ಹೋಯಿತು: ಲೆಗ್ ಗಾರ್ಡ್ ಕುರಿತ ಒಂದು ಪ್ರಕರಣ

ಮಧ್ಯ ಕರ್ನಾಟಕದ ಬಯಲುಸೀಮೆಯಲ್ಲಿ ಬಿತ್ತನೆ ಬೀಜ, ಕೀಟನಾಶಕ ಮಾರುವ ಒಂದು ಖಾಸಗಿ ಸಂಸ್ಥೆಯಿದೆ. ಅದರ ಕ್ಷೇತ್ರ ಸಿಬ್ಬಂದಿ ಹಳ್ಳಿಯಿಂದ ಹಳ್ಳಿಗೆ ಬೈಕ್‌ನಲ್ಲೇ ಓಡಾಡುತ್ತಾರೆ. ಆ ಬೈಕ್‌ಗಳಿಗೆಲ್ಲ ಸಂಸ್ಥೆಯ ಖರ್ಚಿನಲ್ಲಿ ಲೆಗ್ ಗಾರ್ಡ್ (ಸವಾರನ ಕಾಲಿನ ಮುಂದೆ ಎರಡೂ ಬದಿಗೆ ಚಾಚುವ ಉಕ್ಕಿನ ಪೈಪು) ಹಾಕಿಸಬೇಕೆಂಬ ನಿರ್ಧಾರ ಹೇಗೆ ಹುಟ್ಟಿತು, ಅದನ್ನು ಯಾಕೆ ಬದಲಿಸಬೇಕಾಯಿತು ಎಂಬುದು ಈ ಬರಹದ ವಸ್ತು. ನಾನು ವಾಹನ ವಿಮೆಯ ಸರ್ವೇಯರ್. ಇಲ್ಲಿ ಬರುವ ಎರಡು ಬೈಕ್‌ಗಳ ಹಾನಿಯನ್ನು ಅಂದಾಜು ಮಾಡಿದವನು ನಾನೇ. ಊರು, ಸಂಸ್ಥೆ, ಸವಾರರ ಗುರುತು, ಬೈಕ್‌ಗಳ ಮಾದರಿ ಎಲ್ಲವನ್ನೂ ಮರೆಮಾಚಿದ್ದೇನೆ. ಘಟನೆಗಳ ಅನುಕ್ರಮವನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ಸಿಬ್ಬಂದಿಯ ಬೈಕ್‌ಗಳು ಅವರವರ ಸ್ವಂತದವು. 100ರಿಂದ 125 ಸಿಸಿಯ ಸಾಧಾರಣ ಗಾಡಿಗಳು, ಹೆಚ್ಚಿನವು ಹಳೆಯವು. ಸಂಸ್ಥೆ ಕಿಲೋಮೀಟರ್ ಲೆಕ್ಕದಲ್ಲಿ ಪೆಟ್ರೋಲ್ ಭತ್ಯೆ ಕೊಡುತ್ತದೆ. ರಿಪೇರಿಯ ಖರ್ಚು ಸವಾರನದೇ. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಇಡೀ ಪ್ರಕರಣದ ಬೇರು ಇಲ್ಲಿಯೇ ಇದೆ.

ರಾಗಿ, ಹುರುಳಿ ಕೊಯ್ಲಾದ ಮೇಲೆ ಈ ಭಾಗದಲ್ಲಿ ಡಾಂಬರು ರಸ್ತೆಯೇ ಕಣ. ತೆನೆ, ಬಳ್ಳಿಗಳನ್ನು ರಸ್ತೆಯ ಉದ್ದಕ್ಕೂ ಹರಡುತ್ತಾರೆ. ಹಾದುಹೋಗುವ ಬಸ್ಸು, ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಕಣ ಮಾಡಲು ಜಾಗವಿಲ್ಲದ, ಯಂತ್ರದ ಬಾಡಿಗೆ ಕೊಡಲಾಗದ ರೈತನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹುರುಳಿ ಬಳ್ಳಿಯ ಮೇಲೆ ಎರಡು ಚಕ್ರದ ಗಾಡಿ ಓಡಿಸುವುದು ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದಂತೆಯೇ.

ಅಂಥ ಒಂದು ಸುಗ್ಗಿಯಲ್ಲಿ ಒಂದೇ ರಸ್ತೆಯಲ್ಲಿ ಎರಡು ಬೈಕ್‌ಗಳು ಬಿದ್ದವು. ಮೊದಲ ಸವಾರರು ಸಂಸ್ಥೆಯ ಹಿರಿಯ ನೌಕರರು. ಅವರ ಗಾಡಿಗೆ ಖರೀದಿಸಿದಾಗಲೇ ಷೋರೂಮಿನವರು ಹಾಕಿಕೊಟ್ಟ ಲೆಗ್ ಗಾರ್ಡ್ ಇತ್ತು. ಬಳ್ಳಿಯ ಮೇಲೆ ಹಿಂದಿನ ಚಕ್ರ ಜಾರಿ ಗಾಡಿ ಎಡಕ್ಕೆ ಒರಗಿತು. ಗಾರ್ಡ್ ನೆಲಕ್ಕೆ ತಾಗಿ ಗಾಡಿ ಓರೆಯಾಗಿ ನಿಂತುಕೊಂಡಿತು. ಗಾಡಿಗೂ ನೆಲಕ್ಕೂ ನಡುವೆ ಉಳಿದ ತ್ರಿಕೋನದ ಸಂದಿನಲ್ಲಿ ಪಾದ ಸುರಕ್ಷಿತವಾಗಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಅವರಿಗೆ ಏನೂ ಆಗಲಿಲ್ಲ. ಕೆಲವು ದಿನಗಳ ಅಂತರದಲ್ಲಿ ಅದೇ ರಸ್ತೆಯಲ್ಲಿ ಹೊಸದಾಗಿ ಸೇರಿದ್ದ ಯುವಕನೊಬ್ಬ ಬಲಕ್ಕೆ ಬಿದ್ದ. ಆತನ ಬೈಕ್‌ಗೆ ಗಾರ್ಡ್ ಇರಲಿಲ್ಲ. ಗಾಡಿಯ ಅಡಿಯಲ್ಲಿ ಸಿಕ್ಕಿಕೊಂಡ ಪಾದದ ಹರಡಿನ (ಪಾದ ಕಾಲಿಗೆ ಸೇರುವ ಗಂಟಿನ) ಮೂಳೆ ಬಿರಿಯಿತು. ಎತ್ತುವವರು ಬರುವಷ್ಟರಲ್ಲಿ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತ್ತು.

ಕಣ್ಣೆದುರಿಗೇ ಇಂಥ ಜೋಡಿ ಉದಾಹರಣೆ ಸಿಕ್ಕಾಗ ಯಾರಿಗೂ ಹೆಚ್ಚಿನ ವಿಚಾರಣೆ ಬೇಕೆನಿಸುವುದಿಲ್ಲ. ಒಂದೇ ರಸ್ತೆ, ಒಂದೇ ಹುರುಳಿ ಬಳ್ಳಿ. ಗಾರ್ಡ್ ಇದ್ದವರು ಮರುದಿನ ಕೆಲಸಕ್ಕೆ ಬಂದರು, ಇಲ್ಲದವನು ಆಸ್ಪತ್ರೆ ಸೇರಿದ.

ಮೊದಲ ನಿರ್ಧಾರ

ವ್ಯವಸ್ಥಾಪಕರು ಸಿಬ್ಬಂದಿಯ ಬಗ್ಗೆ ನಿಜವಾದ ಕಾಳಜಿ ಇದ್ದವರು. ಎಲ್ಲ ಬೈಕ್‌ಗಳಿಗೂ ಗಾರ್ಡ್ ಹಾಕಿಸಲು ಆದೇಶ ಕೊಟ್ಟರು. ಕಂಪನಿಯ ಅಸಲಿ ಗಾರ್ಡ್ ತೆಳುವಾಗಿದೆ, ಬಾಗುತ್ತದೆ ಎಂದು ಯಾರೋ ಹೇಳಿದ್ದರಿಂದ ಪಟ್ಟಣದ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಪೈಪಿನಲ್ಲಿ ಮಾಡಿಸಿದರು. ಅಗಲವೂ ಹೆಚ್ಚು. ಚಾಸಿಯ ಮುಂದಿನ ಪೈಪಿಗೆ ಮೇಲೆ ಒಂದು ಕ್ಲಾಂಪ್, ಕೆಳಗೆ ಎಂಜಿನ್ ಹಿಡಿದಿಡುವ ಬೋಲ್ಟಿಗೇ ಇನ್ನೊಂದು ಕೊನೆ. ಮಾರಾಟ ವಿಭಾಗದವರು ಈ ಅವಕಾಶ ಬಿಡಲಿಲ್ಲ: ಗಾರ್ಡ್‌ನ ಎರಡೂ ಬದಿಗೆ ಸಂಸ್ಥೆಯ ಬೀಜದ ಹೆಸರು ಬರೆದ ತಗಡಿನ ಫಲಕ ಕಟ್ಟಿಸಿದರು.

ಈ ಆದೇಶದ ಸುತ್ತೋಲೆಯನ್ನು ನಾನು ನಂತರ ಓದಿದೆ. ಗಾರ್ಡ್ ಬಗ್ಗೆ ಪುಟ ತುಂಬ ಇತ್ತು. ಹೆಲ್ಮೆಟ್, ಬ್ರೇಕ್, ಟೈರ್ ಎಂಬ ಪದಗಳು ಒಮ್ಮೆಯೂ ಇರಲಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರೇ ಶೇ 44.5ರಷ್ಟು. ಹೆಲ್ಮೆಟ್ ಇಲ್ಲದೆ ಸತ್ತ ಸವಾರರು ಮತ್ತು ಹಿಂಬದಿ ಸವಾರರನ್ನು ಕೂಡಿಸಿದರೆ 50 ಸಾವಿರ ದಾಟುತ್ತದೆ. ಸಂಸ್ಥೆ ಸುರಕ್ಷತೆಗೆಂದು ಮೊದಲ ಬಾರಿಗೆ ಬಿಚ್ಚಿದ ಥೈಲಿಯ ಹಣವೆಲ್ಲ ಕಾಲಿನ ಮುಂದಿನ ಪೈಪಿಗೆ ಹೋಯಿತು.

ಗಾರ್ಡ್ ಬಂದ ಮೇಲೆ

ಶುರುವಿನಲ್ಲಿ ಎಲ್ಲರಿಗೂ ಖುಷಿ. ಕೆಸರಿನಲ್ಲಿ ಸ್ಟ್ಯಾಂಡ್ ಹೂತು ಗಾಡಿ ಬಿದ್ದರೂ ಕ್ಲಚ್ ಲಿವರ್ ಮುರಿಯುತ್ತಿರಲಿಲ್ಲ, ಇಂಡಿಕೇಟರ್ ಒಡೆಯುತ್ತಿರಲಿಲ್ಲ, ಟ್ಯಾಂಕ್ ತಗ್ಗು ಬೀಳುತ್ತಿರಲಿಲ್ಲ. ಗಾರ್ಡ್‌ಗೆ ಬೇರೆ ಬೇರೆ ಉಪಯೋಗಗಳೂ ಹುಟ್ಟಿಕೊಂಡವು. ಮಾದರಿ ಬೀಜದ ಚೀಲ ನೇತುಹಾಕುವುದು, ಕ್ರಿಮಿನಾಶಕದ ಡಬ್ಬಿ ಕಟ್ಟುವುದು, ಚಳಿಗಾಳಿ ತಡೆಯಲು ಹಳೆಯ ಫ್ಲೆಕ್ಸ್ ಬ್ಯಾನರ್ ಬಿಗಿಯುವುದು. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ನಿನ ಎದುರು ಫ್ಲೆಕ್ಸ್ ಕಟ್ಟಿದರೆ ಏನಾಗುತ್ತದೆಂದು ಮೆಕ್ಯಾನಿಕ್‌ಗಳಿಗೆ ಗೊತ್ತು. ಉದ್ದನೆಯ ರಸ್ತೆಯಲ್ಲಿ ಕೆಲವರು ಕಾಲನ್ನೇ ಎತ್ತಿ ಗಾರ್ಡ್ ಮೇಲೆ ಇಟ್ಟುಕೊಂಡು ಓಡಿಸತೊಡಗಿದರು. ಆಗ ಬಲಪಾದ ಬ್ರೇಕ್ ಪೆಡಲ್‌ನಿಂದ ಒಂದು ಅಡಿ ದೂರವಿರುತ್ತದೆ.

ನನ್ನ ಕೈಗೆ ಬಂದ ಮೊದಲ ಗಾಡಿ ಈ ಕಾಲದ್ದು. ಸವಾರ ಗ್ರಾಮದೊಳಗೆ ನಿಧಾನವಾಗಿ ಬರುತ್ತಿದ್ದಾಗ ಗಾರ್ಡ್ ಒಂದು ಚರಂಡಿ ಚಪ್ಪಡಿಯ ಅಂಚಿಗೆ ತಗುಲಿ ಗಾಡಿ ತಿರುಗಿ ಬಿದ್ದಿತ್ತು. ಸವಾರನಿಗೆ ಪೆಟ್ಟಾಗಿರಲಿಲ್ಲ, ದಪ್ಪ ಪೈಪು ಕೂಡ ಬಾಗಿರಲಿಲ್ಲ. ಆದರೆ ಎಂಜಿನ್ ಕೇಸಿನಲ್ಲಿ ಆ ಬೋಲ್ಟ್ ಕೂರುವ ಕಿವಿ ಸೀಳಿತ್ತು, ಚಾಸಿಯ ಮುಂದಿನ ಪೈಪಿನಲ್ಲಿ ಕ್ಲಾಂಪ್ ಒತ್ತಿದ ಕಡೆ ಆಳವಾದ ತಗ್ಗು ಬಿದ್ದಿತ್ತು. ಬಾಗದ ಗಾರ್ಡ್ ತಾನು ತಿಂದ ಪೆಟ್ಟನ್ನು ಎಂಜಿನ್‌ಗೂ ಚಾಸಿಗೂ ಸಾಗಿಸಿತ್ತು. ತೆಳು ಗಾರ್ಡ್ ಬಾಗಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸ ಎಂಜಿನ್ ಕೇಸ್ ಬದಲಿಸುವಷ್ಟು ದೊಡ್ಡದಾಯಿತು. ಗಾರ್ಡ್ ಪಾಲಿಸಿಯಲ್ಲಿ ನಮೂದಾಗಿರಲಿಲ್ಲವಾದ್ದರಿಂದ ಅದಕ್ಕೆ ವಿಮೆಯಿಂದ ಬಿಡಿಗಾಸೂ ಬರಲಿಲ್ಲ. ಎಂಜಿನ್ ಹಿಡಿದಿಡುವ ಬೋಲ್ಟಿನ ಜಾಗಕ್ಕೆ ಇಷ್ಟು ಗಡುಸಾದ ಗಾರ್ಡ್ ಬಿಗಿಯಬಾರದೆಂದು ಸರ್ವೇ ವರದಿಯಲ್ಲಿ ಒಂದು ವಾಕ್ಯ ಬರೆದಿದ್ದೆ. ಅದು ವಿಮಾ ಕಂಪನಿಯ ಕಡತದಲ್ಲಿ ಉಳಿಯಿತು. ಸಂಸ್ಥೆಗೆ ತಲುಪುವ ದಾರಿಯೇ ಅದಕ್ಕಿರಲಿಲ್ಲ.

ತಿರುವು

ಎರಡನೆಯ ಗಾಡಿ ಬಂದದ್ದು ಟೆಂಪೋದಲ್ಲಿ ಮಲಗಿಕೊಂಡು. ಸವಾರರು ಮೂವತ್ತರ ಆಸುಪಾಸಿನವರು. ಹೆಲ್ಮೆಟ್ ಧರಿಸುವುದು ಅವರ ಸ್ವಂತ ಅಭ್ಯಾಸ, ಸಂಸ್ಥೆ ಹೇಳಿಕೊಟ್ಟದ್ದಲ್ಲ. ಹಾಡಹಗಲು, ಒಣ ರಸ್ತೆ. ರಾಜ್ಯ ಹೆದ್ದಾರಿಯಲ್ಲಿ ನೇರವಾಗಿ ಹೋಗುತ್ತಿದ್ದರು. ಎದುರಿನಿಂದ ಬಂದ ಕಾರು ಹಳ್ಳಿಯ ಅಡ್ಡರಸ್ತೆಗೆಂದು ಇವರ ಮುಂದೆಯೇ ಬಲಕ್ಕೆ ತಿರುಗಿತು. ಬೈಕ್ ಬರುವುದು ಕಾಣಲಿಲ್ಲ ಎಂದು ಚಾಲಕ ಪೊಲೀಸರಿಗೆ ಹೇಳಿದ. ಸುಳ್ಳು ಎನ್ನಲಾರೆ. ಬೈಕ್ 2016ರ ಮಾದರಿ. ಸದಾ ಉರಿಯುವ ಹೆಡ್‌ಲ್ಯಾಂಪ್ ಹೊಸ ಗಾಡಿಗಳಿಗೆ ಕಡ್ಡಾಯವಾದದ್ದು 2017ರ ಏಪ್ರಿಲ್‌ನಿಂದ. ಹಗಲಿನಲ್ಲಿ ಇವರ ದೀಪ ಆರಿತ್ತು.

ಸವಾರರು ಬ್ರೇಕ್ ತುಳಿದು ಎಡಕ್ಕೆ ಎಳೆದರು. ಕಾರಿನ ಮುಂಭಾಗದ ಎಡ ಮೂಲೆ ಬೈಕ್‌ನ ಬಲಬದಿಗೆ, ಗಾರ್ಡ್‌ನ ಅತ್ಯಂತ ಅಗಲವಾದ ಜಾಗಕ್ಕೇ ಬಡಿಯಿತು.

ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿದ್ದದ್ದು ಇಷ್ಟು: ಬಲ ಮೊಣಕಾಲಿನ ಚಿಪ್ಪು ಒಡೆದಿದೆ, ಕೆಳಗಿನ ಟಿಬಿಯಾ ಮೂಳೆ ಎರಡು ಕಡೆ ಮುರಿದು ಚರ್ಮ ಸೀಳಿ ಹೊರಬಂದಿದೆ, ತೊಡೆಯಲ್ಲಿ ಉದ್ದನೆಯ ಸೀಳುಗಾಯ. ತಲೆಗೆ ಪೆಟ್ಟಿಲ್ಲ. ಬಲಪಾದಕ್ಕೂ ಹರಡಿಗೂ ಏನೂ ಆಗಿಲ್ಲ. ಅವರು ಬರಿಯ ಸ್ಯಾಂಡಲ್ ಹಾಕಿದ್ದರು, ಆದರೂ ಪಾದ ಹಾಗೆಯೇ ಇತ್ತು. ತೊಡೆಯ ಗಾಯ ತಗಡಿನ ಫಲಕದ ಅಂಚಿನದು ಎಂದು ಗಾಡಿ ನೋಡಿದಾಗಲೇ ತಿಳಿಯುತ್ತಿತ್ತು.

ಮುರಿದ ಜಾಗಗಳ ಈ ಪಟ್ಟಿ ನನಗೆ ಹೊಸದಲ್ಲ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900ರಷ್ಟು ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು. ಜೊತೆಗೆ 3,600 ಪೊಲೀಸ್ ವರದಿಗಳನ್ನು ಓದಿ 1981ರಲ್ಲಿ ವರದಿ ಪ್ರಕಟಿಸಿತು. ಕ್ರಾಶ್ ಗಾರ್ಡ್ (ಲೆಗ್ ಗಾರ್ಡ್‌ಗೇ ಇನ್ನೊಂದು ಹೆಸರು) ಬಗ್ಗೆ ಅದರ ತೀರ್ಮಾನ ಚುಟುಕಾಗಿದೆ: ಪಾದ ಮತ್ತು ಹರಡಿನ ಗಾಯ ಕಡಿಮೆಯಾಗುತ್ತದೆ, ಆದರೆ ತೊಡೆ, ಮೊಣಕಾಲು, ಕಣಕಾಲಿನ (ಮೊಣಕಾಲಿಗೂ ಹರಡಿಗೂ ನಡುವಿನ ಭಾಗದ) ಗಾಯ ಅಷ್ಟೇ ಹೆಚ್ಚುತ್ತದೆ, ಒಟ್ಟಾರೆ ಲಾಭ ಸೊನ್ನೆ. ಅಲ್ಲಿನ ಗಾಡಿಗಳು ಬೇರೆ, ರಸ್ತೆಗಳು ಬೇರೆ, ಕಾಲವೂ ಬೇರೆ ಎಂಬುದು ನಿಜ. ಮೊಣಕಾಲು ಮಾತ್ರ ಬೇರೆಯಲ್ಲ.

ಯಾಕೆ ಹೀಗಾಗುತ್ತದೆ ಎಂಬುದು ಈ ಗಾಡಿಯ ಮೇಲೆಯೇ ಬರೆದಿತ್ತು. ಗಾರ್ಡ್‌ನ ಹೊರಮೈಯಲ್ಲಿ ಕಾರಿನ ಬಣ್ಣ ಮೆತ್ತಿಕೊಂಡಿತ್ತು, ಅದು ನಿರೀಕ್ಷಿತ. ಒಳಮೈಯಲ್ಲಿ, ಅಂದರೆ ಸವಾರನ ಕಡೆಗೆ ಮುಖ ಮಾಡಿದ ಬದಿಯಲ್ಲಿ, ಪ್ಯಾಂಟಿನ ನೂಲು ಸಿಕ್ಕಿಕೊಂಡಿತ್ತು. ಅಂದರೆ ಗಾಡಿಯ ವೇಗ ಥಟ್ಟನೆ ಕುಗ್ಗಿದಾಗ ಕಾಲು ಮುಂದಕ್ಕೆ ನುಗ್ಗಿ ಹೋಗಿ ಪೈಪಿಗೆ ಹಿಂದಿನಿಂದ ಬಡಿದಿದೆ. ಅದೇ ಕ್ಷಣದಲ್ಲಿ ಮೇಲಿನ ಕ್ಲಾಂಪ್ ಜಾರಿ ಇಡೀ ಗಾರ್ಡ್ ಹಿಂದಕ್ಕೆ ತಿರುಗಿ ಕಣಕಾಲಿನ ಮೇಲೆ ಬಂದಿದೆ. ಗಾರ್ಡ್ ಹಾಕುವವರ ಕಲ್ಪನೆಯಲ್ಲಿ ಕಾಲು ಫುಟ್‌ರೆಸ್ಟ್ ಮೇಲೆ ಕದಲದೆ ಇರುತ್ತದೆ, ಅದರ ಸುತ್ತ ಉಕ್ಕಿನ ಬೇಲಿ ಇರುತ್ತದೆ. ನಿಂತ ಗಾಡಿ ಒರಗುವಾಗ ಅದು ಸರಿ. ಡಿಕ್ಕಿಯಲ್ಲಿ ಕಾಲು ಮೊದಲು ಮಾಡುವ ಕೆಲಸವೇ ಆ ಜಾಗ ಬಿಟ್ಟು ಹೊರಡುವುದು.

ಬಲಗಳ ಲೆಕ್ಕ ನೋಡಿದರೆ ಎರಡು ಘಟನೆಗಳು ಒಂದೇ ಜಾತಿಯವಲ್ಲ. ಸುಮಾರು 115 ಕಿಲೋ ತೂಕದ ಗಾಡಿ ನಿಂತಲ್ಲೇ ಒರಗಿದರೆ ಅದರ ಗುರುತ್ವಕೇಂದ್ರ ಹೆಚ್ಚೆಂದರೆ ಅರ್ಧ ಮೀಟರ್ ಕೆಳಗಿಳಿಯುತ್ತದೆ. ಬಿಡುಗಡೆಯಾಗುವ ಶಕ್ತಿ 550 ಜೂಲ್‌ನ ಹತ್ತಿರ. ಅದೇ ಗಾಡಿ ಸವಾರನೊಡನೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೆ ಅದರೊಳಗಿನ ಚಲನಶಕ್ತಿ 9,500 ಜೂಲ್ ಸಮೀಪ, ಅಂದರೆ ಹದಿನೇಳು ಪಟ್ಟು. ಎದುರಿನ ಕಾರಿನ ವೇಗವನ್ನು ಇನ್ನೂ ಸೇರಿಸಿಲ್ಲ. ಮೊದಲನೆಯದನ್ನು ಹೊತ್ತ ಪೈಪು ಎರಡನೆಯದನ್ನೂ ಹೊರುತ್ತದೆಂದು ನಂಬಿದ್ದರು.

ಗಾರ್ಡ್ ಇಲ್ಲದಿದ್ದರೆ?

ವ್ಯವಸ್ಥಾಪಕರು ಕುಗ್ಗಿಹೋಗಿದ್ದರು. ಗಾಡಿ ನೋಡಲು ಬಂದವರು ಕೇಳಿದ ಮೊದಲ ಮಾತು: “ಸರ್, ನಾವೇ ಅವನ ಕಾಲು ಮುರಿದೆವಾ?”

ಹಾಗೆ ಹೇಳಲು ಬರುವುದಿಲ್ಲ. ಗಾರ್ಡ್ ಇರದಿದ್ದರೆ ಕಾರಿನ ಬಂಪರ್ ನೇರವಾಗಿ ಕಣಕಾಲಿಗೇ ಬಡಿದು ಅದನ್ನು ಎಂಜಿನ್ನಿಗೆ ಒತ್ತುತ್ತಿತ್ತು. ಬಂಪರ್ ಇರುವ ಎತ್ತರವೂ ಕಣಕಾಲಿನ ಎತ್ತರವೂ ಹೆಚ್ಚುಕಡಿಮೆ ಒಂದೇ. ಆಗಲೂ ಮೂಳೆ ಮುರಿಯುತ್ತಿತ್ತು, ಪಾದವೂ ಜಜ್ಜುವ ಸಾಧ್ಯತೆಯಿತ್ತು. ಒಂದೇ ಅಪಘಾತದಿಂದ ಗಾರ್ಡ್ ಅಪರಾಧಿ ಎಂದು ತೀರ್ಮಾನಿಸಿದರೆ, ಹುರುಳಿ ಬಳ್ಳಿಯ ಎರಡು ಬೀಳುವಿಕೆಯಿಂದ ಗಾರ್ಡ್ ರಕ್ಷಕ ಎಂದು ತೀರ್ಮಾನಿಸಿದ ತರ್ಕವನ್ನೇ ತಲೆಕೆಳಗು ಮಾಡಿದಂತಾಗುತ್ತದೆ. ತಗಡಿನ ಫಲಕದ ವಿಷಯ ಮಾತ್ರ ಖಚಿತವಿತ್ತು. ಅದು ಇಲ್ಲದಿದ್ದರೆ ತೊಡೆಯ ಸೀಳುಗಾಯ ಇರುತ್ತಿರಲಿಲ್ಲ.

“ಹಾಗಾದರೆ ಇನ್ನೂ ಗಟ್ಟಿಯಾದದ್ದು ಹಾಕಿಸೋಣವಾ?” ಎಂದೂ ಅವರು ಕೇಳಿದರು. ಇದೇ ಪ್ರಶ್ನೆ ಬ್ರಿಟನ್‌ನಲ್ಲಿ 1980ರ ದಶಕದಲ್ಲಿ ದೊಡ್ಡ ಮಟ್ಟದಲ್ಲಿ ಎದ್ದಿತ್ತು. ಅಲ್ಲಿನ ಸರ್ಕಾರಿ ರಸ್ತೆ ಸಂಶೋಧನಾ ಪ್ರಯೋಗಾಲಯ ಕಾಲಿನ ರಕ್ಷಣೆಗೆಂದೇ ವಿಶೇಷ ಕವಚಗಳನ್ನು ರೂಪಿಸಿ ಪರೀಕ್ಷಿಸಿತು. ವೆಲ್ಡಿಂಗ್ ಅಂಗಡಿಯ ಪೈಪುಗಳಲ್ಲ, ಪೆಟ್ಟು ಬಿದ್ದಾಗ ಕುಸಿದು ಶಕ್ತಿ ಹೀರುವಂತೆ ಲೆಕ್ಕಹಾಕಿ ಮಾಡಿದವು. ಕಾಲಿಗೆ ಅನುಕೂಲವೆಂದು ಪ್ರಯೋಗಾಲಯ ಹೇಳಿತು. ಕವಚ ಕಾಲನ್ನು ತಡೆದಾಗ ಸವಾರನ ದೇಹ ಹಾರುವ ರೀತಿಯೇ ಬದಲಾಗಿ ತಲೆಗೆ ಅಪಾಯ ಹೆಚ್ಚುತ್ತದೆಂದು ತಯಾರಕರು ವಾದಿಸಿದರು. ವರ್ಷಗಟ್ಟಲೆ ಜಗಳವಾಯಿತು, ಕಡ್ಡಾಯ ನಿಯಮ ಬರಲೇ ಇಲ್ಲ. ಇಂಥ ಸಾಧನಗಳನ್ನು ಅಳೆಯುವ ಪರೀಕ್ಷಾ ಕ್ರಮವಾಗಿ 1996ರಲ್ಲಿ ಐಎಸ್‌ಒ 13232 ಎಂಬ ಅಂತರರಾಷ್ಟ್ರೀಯ ಮಾನದಂಡ ಹೊರಬಂದಿತು. ಅದರ ತಿರುಳು, ಸಾಧನ ತಪ್ಪಿಸುವ ಗಾಯಗಳ ಜೊತೆಗೆ ಅದು ಹೊಸದಾಗಿ ತರುವ ಗಾಯಗಳನ್ನೂ ತೂಗಬೇಕು ಎಂಬುದು. ಪ್ರಯೋಗಾಲಯಗಳೇ ಬಗೆಹರಿಸಲು ಹೆಣಗಿದ ಪ್ರಶ್ನೆಗೆ ನಮ್ಮ ಪಟ್ಟಣದ ವೆಲ್ಡರ್ ಬಳಿ ಉತ್ತರ ಇರಲು ಸಾಧ್ಯವಿಲ್ಲ ಎಂದು ವ್ಯವಸ್ಥಾಪಕರಿಗೆ ಹೇಳಿದೆ.

ಅಪಘಾತದ ಜಾಗದಲ್ಲಿ ಕಂಡದ್ದು

ಸ್ಥಳ ಪರಿಶೀಲನೆಗೆ ಹೋದಾಗ ಡಾಂಬರಿನ ಮೇಲೆ ಟೈರಿನ ಕಪ್ಪು ಗೆರೆ ಇನ್ನೂ ಇತ್ತು. ಒಂದೇ ಗೆರೆ, ಸುಮಾರು 12 ಮೀಟರ್ ಉದ್ದ, ಹಿಂದಿನ ಚಕ್ರದ್ದು. ಗಾಡಿಯ ಮುಂದಿನ ಬ್ರೇಕ್ ಕೇಬಲ್ ಎಷ್ಟು ಸಡಿಲವಾಗಿತ್ತೆಂದರೆ ಲಿವರ್ ಹ್ಯಾಂಡಲ್‌ಗೆ ತಾಗುವವರೆಗೂ ಎಳೆಯಬಹುದಿತ್ತು. ಹಿಂದಿನ ಟೈರು ನುಣ್ಣಗಾಗಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ. ಸವಾರರು ತಾವೇ ಹೇಳಿದಂತೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರು ಎಂದುಕೊಳ್ಳೋಣ. ಹಿಂದಿನ ಚಕ್ರ ಮಾತ್ರ ಕಚ್ಚಿಕೊಂಡು ಜಾರಿದರೆ 12 ಮೀಟರ್ ಕಳೆದ ಮೇಲೂ ವೇಗ 37ರ ಸುಮಾರಿಗೆ ಇರುತ್ತದೆ. ಎರಡೂ ಬ್ರೇಕ್ ಸರಿಯಾಗಿ ಹಿಡಿದಿದ್ದರೆ ಅದೇ 12 ಮೀಟರ್‌ನಲ್ಲಿ ವೇಗ 20ರ ಆಸುಪಾಸಿಗೆ ಇಳಿಯಬೇಕು. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ, ಬೈಕ್ ತಂದ ಪೆಟ್ಟು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗುತ್ತಿತ್ತು. ಎಷ್ಟು ದಪ್ಪ ಪೈಪು ಹಾಕಿದರೂ ಸಿಗದ ಲಾಭ ಇದು. ಬೇಕಾದದ್ದು ಒಂದು ಬ್ರೇಕ್ ಕೇಬಲ್ ಮತ್ತು ಅದನ್ನು ಹಿಡಿಯಲು ಹೆದರದ ಬೆರಳುಗಳು.

ಹರ್ಟ್ ವರದಿಯಲ್ಲೂ ಇದೇ ಚಿತ್ರವಿದೆ. ಎದುರಿನ ವಾಹನ ಅಡ್ಡ ತಿರುಗುವುದೇ ಅಲ್ಲಿನ ಅತಿ ಸಾಮಾನ್ಯ ಡಿಕ್ಕಿ. ಅಪಾಯ ಕಂಡ ಮೇಲೆ ಸವಾರನಿಗೆ ಸಿಗುವ ಸಮಯ ಎರಡು ಸೆಕೆಂಡಿಗಿಂತ ತುಸು ಕಡಿಮೆ. ಆ ಹೊತ್ತಿನಲ್ಲಿ ಬಹುಪಾಲು ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸುತ್ತಾರೆ, ಮುಂದಿನದನ್ನು ಸಾಕಷ್ಟು ಬಳಸುವುದಿಲ್ಲ. ನಮ್ಮಲ್ಲಿ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಬ್ರೇಕ್ ಒಟ್ಟಿಗೆ ಕೆಲಸ ಮಾಡುವ ಸಿಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ 2019ರ ಏಪ್ರಿಲ್ ಹೊತ್ತಿಗೆ ಕಡ್ಡಾಯವಾದದ್ದು ಇದೇ ಕಾರಣಕ್ಕೆ. ಹಳೆಯ ಗಾಡಿಗಳಿಗೆ ಆ ಭಾಗ್ಯವಿಲ್ಲ.

ಎರಡನೆಯ ನಿರ್ಧಾರ

ವ್ಯವಸ್ಥಾಪಕರು ಎಲ್ಲ ಗಾರ್ಡ್‌ಗಳನ್ನೂ ಬಿಚ್ಚಿಸಲು ಹೊರಟರು. ಸಿಬ್ಬಂದಿ ಸಭೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ಹುರುಳಿ ಬಳ್ಳಿಯ ಮೇಲೆ ಬಿದ್ದು ಉಳಿದುಕೊಂಡ ಹಿರಿಯರೇ ಎದ್ದು ನಿಂತು ಹೇಳಿದರು: “ಸರ್, ಡಿಕ್ಕಿ ಯಾವಾಗಲೋ ಒಮ್ಮೆ ಆಗುತ್ತದೆ. ಗಾಡಿ ಮಾತ್ರ ಪದೇ ಪದೇ ಬೀಳುತ್ತದೆ. ನಿಲ್ಲಿಸಿದಲ್ಲೇ ಬೀಳುತ್ತದೆ, ಕೆಸರಿನಲ್ಲಿ ಬೀಳುತ್ತದೆ, ಎಮ್ಮೆ ತಳ್ಳಿ ಬೀಳುತ್ತದೆ. ಪ್ರತಿ ಸಲ ಲಿವರ್, ಇಂಡಿಕೇಟರ್ ದುಡ್ಡು ನೀವು ಕೊಡುತ್ತೀರಾ?”

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತ್ಯಂತ ಉಪಯುಕ್ತವಾದ ಮಾತು ಇದೇ. ಗಾರ್ಡ್ ಬಗ್ಗೆ ಅಲ್ಲಿಯವರೆಗೆ ನಡೆದ ಚರ್ಚೆಯೆಲ್ಲ ಕಾಲಿನ ಹೆಸರಿನಲ್ಲಿ ನಡೆದಿತ್ತು. ಸಿಬ್ಬಂದಿಗೆ ಬೇಕಾಗಿದ್ದದ್ದು ರಿಪೇರಿ ಖರ್ಚಿನಿಂದ ರಕ್ಷಣೆ, ಯಾಕೆಂದರೆ ಆ ಖರ್ಚು ಅವರ ಜೇಬಿನದು. ಆ ಕೆಲಸವನ್ನು ಗಾರ್ಡ್ ಚೆನ್ನಾಗಿಯೇ ಮಾಡುತ್ತಿತ್ತು. ನಿಧಾನದ ಬೀಳುವಿಕೆಯಲ್ಲಿ ಪಾದವನ್ನೂ ಕಾಪಾಡುತ್ತಿತ್ತು. ತೊಂದರೆಯಾದದ್ದು ಈ ಸೀಮಿತ ಉಪಯೋಗವನ್ನು ಸವಾರನ ಸುರಕ್ಷತೆ ಎಂದು ಕರೆದು, ಸುರಕ್ಷತೆಯ ಹಣವನ್ನೆಲ್ಲ ಅದಕ್ಕೇ ಸುರಿದಾಗ.

ಕಾನೂನಿನ ಪ್ರಶ್ನೆಯೂ ಎದ್ದಿತು. ಕ್ರಾಶ್ ಗಾರ್ಡ್, ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಿತ್ತು. ಅದರ ಗುರಿ ಮುಖ್ಯವಾಗಿ ಕಾರು, ಜೀಪುಗಳ ಮುಂದಿನ ಉಕ್ಕಿನ ಚೌಕಟ್ಟುಗಳು. ಆದರೆ ಅದು ಆಧರಿಸಿದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅಂದರೆ ತಯಾರಕರ ವಿವರಣೆಗೆ ವ್ಯತ್ಯಾಸವಾಗುವ ಬದಲಾವಣೆ ಕೂಡದೆಂಬ ನಿಯಮ, ಎಲ್ಲ ವಾಹನಗಳಿಗೂ ಅನ್ವಯಿಸುತ್ತದೆ. ದ್ವಿಚಕ್ರ ವಾಹನಕ್ಕೆ ನಿಯಮವೇ ಕಡ್ಡಾಯವಾಗಿ ಕೇಳುವ ಗಾರ್ಡ್ ಒಂದಿದೆ: ಹಿಂಚಕ್ರದ ಅರ್ಧದಷ್ಟಾದರೂ ಮುಚ್ಚುವ ಸೀರೆ ಗಾರ್ಡ್. ಚೆಂದ ಕಾಣುವುದಿಲ್ಲವೆಂದು ಹುಡುಗರು ಮೊದಲು ಬಿಚ್ಚಿಸುವುದು ಅದನ್ನೇ.

ಕೊನೆಗೆ ಆದ ಒಪ್ಪಂದ ಹೀಗಿತ್ತು. ವೆಲ್ಡಿಂಗ್ ಅಂಗಡಿಯ ಗಾರ್ಡ್‌ಗಳು ಮತ್ತು ಫಲಕಗಳು ಹೋಗಬೇಕು. ಬೇಕೆನ್ನುವವರು ಗಾಡಿ ತಯಾರಕರದೇ ಆದ, ಅವರು ಕೊಟ್ಟ ಬೋಲ್ಟಿನ ಜಾಗಕ್ಕೇ ಕೂರುವ, ಹ್ಯಾಂಡಲ್‌ಗಿಂತ ಅಗಲವಲ್ಲದ ಗಾರ್ಡ್ ಇಟ್ಟುಕೊಳ್ಳಬಹುದು, ಅದು ಬಾಗಿದರೆ ಬಾಗಲಿ. ಅದಕ್ಕೆ ಏನನ್ನೂ ಕಟ್ಟುವಂತಿಲ್ಲ, ಅದರ ಮೇಲೆ ಕಾಲಿಡುವಂತಿಲ್ಲ. ಸಣ್ಣಪುಟ್ಟ ರಿಪೇರಿಗೆ ಸಂಸ್ಥೆ ವಾರ್ಷಿಕ ಭತ್ಯೆ ಕೊಡಬೇಕು. ಆದರೆ ಮುಂದಿನ ಬ್ರೇಕ್ ಮತ್ತು ಟೈರುಗಳನ್ನು ಮೆಕ್ಯಾನಿಕ್ ನೋಡಿ ಸಹಿ ಹಾಕಿದ ಮೇಲೆಯೇ ಆ ಭತ್ಯೆ. ಐಎಸ್ 4151 (ಹೆಲ್ಮೆಟ್‌ನ ಭಾರತೀಯ ಮಾನದಂಡ) ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಮತ್ತು ಹರಡು ಮುಚ್ಚುವ ಬೂಟು ಸಂಸ್ಥೆಯದು. ಹಳೆಯ ಗಾಡಿಗಳು ಹಗಲಲ್ಲೂ ಹೆಡ್‌ಲ್ಯಾಂಪ್ ಉರಿಸಬೇಕು. ಒಕ್ಕಣೆಯ ತಿಂಗಳುಗಳಲ್ಲಿ ಕತ್ತಲಾದ ಮೇಲೆ ವಾಪಸಾಗುವಂತೆ ಕೆಲಸ ಹಚ್ಚಬಾರದು.

ಏನು ನಡೆಯಿತು, ಏನು ನಡೆಯಲಿಲ್ಲ

ಬೂಟಿನ ಯೋಜನೆ ಮೊದಲ ಮಳೆಗೇ ಕೊಚ್ಚಿಹೋಯಿತು. ದಿನವಿಡೀ ಹೊಲಕ್ಕೆ ಇಳಿಯುವವರು ಪ್ರತಿ ಬದುವಿನಲ್ಲಿ ಬೂಟು ಬಿಚ್ಚಿ ಹಾಕಲು ಸಾಧ್ಯವಿಲ್ಲ. ಬಹುತೇಕರು ಸ್ಯಾಂಡಲ್‌ಗೇ ಮರಳಿದರು. ಬೇಸಿಗೆಯಲ್ಲಿ ಮಾತ್ರ ಕೆಲವರ ಕಾಲಲ್ಲಿ ಬೂಟು ಕಾಣುತ್ತದೆ. ಹೆಲ್ಮೆಟ್ ಉಳಿಯಿತು. ಮೆಕ್ಯಾನಿಕ್ ಸಹಿಯನ್ನು ಒಂದಿಬ್ಬರು ಗಾಡಿ ತೋರಿಸದೆಯೇ ಹಾಕಿಸಿಕೊಂಡರು. ಅದು ಗೊತ್ತಾದ ಮೇಲೆ ಕಚೇರಿಯ ಅಂಗಳದಲ್ಲೇ ತಪಾಸಣೆ ಶುರುವಾಯಿತು.

ಬ್ರೇಕ್ ಅಭ್ಯಾಸವನ್ನು ರಜಾದಿನದಲ್ಲಿ ಎಪಿಎಂಸಿ ಅಂಗಳದಲ್ಲಿ ಇಟ್ಟುಕೊಂಡರು. ನೋಡಲು ನನ್ನನ್ನೂ ಕರೆದಿದ್ದರು. ವರ್ಷಗಟ್ಟಲೆ ಗಾಡಿ ಓಡಿಸಿದವರಲ್ಲೂ ಅನೇಕರು ಮುಂದಿನ ಬ್ರೇಕನ್ನು ಬಲವಾಗಿ ಹಿಡಿದವರೇ ಅಲ್ಲ. “ಮುಂದಿನದು ಹಿಡಿದರೆ ಪಲ್ಟಿ” ಎಂದು ಗಾಡಿ ಕಲಿಸಿದ ಮಾವನೋ ಅಣ್ಣನೋ ಹೇಳಿದ್ದು ಅವರ ಬೆರಳುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಮರಳು, ಹುರುಳಿ ಬಳ್ಳಿ, ತಿರುವುಗಳಲ್ಲಿ ಆ ಮಾತು ನಿಜವೂ ಹೌದು. ಒಣಗಿದ ನೇರ ರಸ್ತೆಯಲ್ಲಿ, ಗಕ್ಕನೆ ಜಗ್ಗದೆ ಒತ್ತಡ ಏರಿಸುತ್ತ ಹೋದರೆ ಗಾಡಿ ಎಷ್ಟು ಬೇಗ ನಿಲ್ಲುತ್ತದೆಂದು ಸುಣ್ಣದ ಗೆರೆ ಎಳೆದು ತೋರಿಸಿದಾಗ ಅವರ ಮುಖದ ಮೇಲೆ ಮೂಡಿದ ಅಚ್ಚರಿ, ನಾನು ವರ್ಷಗಳಿಂದ ಬರೆಯುತ್ತಿರುವ ವರದಿಗಳು ಯಾರ ಮುಖದಲ್ಲೂ ಮೂಡಿಸಿದ್ದಲ್ಲ.

ಬೀಳುವುದು ನಿಂತಿಲ್ಲ. ಒಕ್ಕಣೆಯ ಕಾಲದಲ್ಲಿ ಈಗಲೂ ಗಾಡಿಗಳು ಜಾರುತ್ತವೆ, ಬಾಗಿದ ತೆಳು ಗಾರ್ಡ್‌ಗಳು ಅಂಗಡಿಗೆ ಬರುತ್ತವೆ. ಭಾರಿ ಡಿಕ್ಕಿ ಮತ್ತೆ ಆಗಿಲ್ಲ, ಆದರೆ ಇಷ್ಟು ಚಿಕ್ಕ ತಂಡದಲ್ಲಿ ಅದು ಹೊಸ ಕ್ರಮಗಳ ಫಲವೋ ಬರಿಯ ಅದೃಷ್ಟವೋ ಎಂದು ವಿಂಗಡಿಸಲು ಬರುವುದಿಲ್ಲ. ಹೀಗೆಯೇ ಯೋಚಿಸುವ ಇತರ ಸಂಸ್ಥೆಗಳಿಗೆ ನಾನು ಸೂಚಿಸುವುದು ಒಂದೇ: ಗಾರ್ಡ್ ಖರೀದಿಯನ್ನು ವಾಹನ ನಿರ್ವಹಣೆಯ ಲೆಕ್ಕಕ್ಕೆ ಬರೆಯಿರಿ, ಸುರಕ್ಷತೆಯ ಲೆಕ್ಕಕ್ಕೆ ಬರೆಯಬೇಡಿ. ಆ ಎರಡನೆಯ ಖಾತೆ ಖಾಲಿ ಕಂಡಾಗಲೇ ಬ್ರೇಕ್, ಟೈರ್, ಹೆಲ್ಮೆಟ್ ನೆನಪಾಗುತ್ತವೆ.

ಗಾಯಾಳುವಿನ ಹಣಕಾಸಿನ ಕತೆ ಬೇರೆಯೇ ಆಯಿತು. ಮಾಲೀಕ-ಚಾಲಕನಿಗಿರುವ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ 15 ಲಕ್ಷದ್ದಾದರೂ ಅದು ಸಾವು, ಅಂಗನಷ್ಟ, ದೃಷ್ಟಿನಷ್ಟ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಮಾತ್ರ. ಮೂಳೆ ಮುರಿತಕ್ಕೆ ಅದರಿಂದ ಏನೂ ಬರುವುದಿಲ್ಲ. ಕೆಲಸದ ವೇಳೆಯ ಅಪಘಾತವಾದ್ದರಿಂದ ನೌಕರರ ಪರಿಹಾರ ಕಾಯ್ದೆಯ ದಾರಿಯೂ ಇತ್ತು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ದಾರಿಯೂ ಇತ್ತು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂಬುದು ಕಾನೂನು. ಅವರು ನ್ಯಾಯಮಂಡಳಿಗೆ ಹೋದರು. ಕಾರಿನ ವಿಮಾ ಕಂಪನಿಯ ವಕೀಲರು ಗಾರ್ಡ್ ಅನಧಿಕೃತ, ಗಾಯ ಹೆಚ್ಚಾಗಲು ಅದೇ ಕಾರಣ, ಆದ್ದರಿಂದ ಪರಿಹಾರ ಕಡಿತಗೊಳಿಸಬೇಕು ಎಂದು ವಾದ ಎತ್ತಿದರು. ಸಾಕ್ಷ್ಯದ ಹಂತಕ್ಕೆ ಬರುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಗಾರ್ಡ್‌ನ ಪಾತ್ರದ ಬಗ್ಗೆ ಯಾವ ತೀರ್ಪೂ ಬರಲಿಲ್ಲ.

ಅವರು ಈಗ ಗೋದಾಮಿನ ದಾಸ್ತಾನು ನೋಡಿಕೊಳ್ಳುತ್ತಾರೆ. ಬಲ ಮೊಣಕಾಲು ಪೂರ್ತಿ ಮಡಚುವುದಿಲ್ಲವಾದ್ದರಿಂದ ಬೈಕ್ ಮಾರಿ, ಎರಡೂ ಬ್ರೇಕ್ ಕೈಯಲ್ಲೇ ಇರುವ ಸ್ಕೂಟರ್ ಕೊಂಡಿದ್ದಾರೆ. ಅದಕ್ಕೂ ಷೋರೂಮಿನವರು ಸುತ್ತಲೂ ಉಕ್ಕಿನ ಗಾರ್ಡ್ ಹಾಕಿಯೇ ಕೊಟ್ಟಿದ್ದರು. ಬಿಚ್ಚಿಸಲಿಲ್ಲವೇ ಎಂದು ಕೇಳಿದೆ. “ಇರಲಿ ಬಿಡಿ ಸರ್, ಗೋದಾಮಿನ ಬಾಗಿಲಿಗೆ ಉಜ್ಜುತ್ತದೆ, ಬಣ್ಣ ಉಳಿಯುತ್ತದೆ” ಎಂದರು.